ಕೊಡುವ ಕೈಯ ಸಂಕೋಚ

ಧರ್ಮಶಾಸ್ತ್ರಕಾರರು ದಾನಕ್ಕೆ ಹೇಳಿರುವ ಲಕ್ಷಣ ಬಹಳ ಬಿಗಿಯಾದುದು: ಒಂದು ವಸ್ತುವಿನ ಮೇಲಿರುವ ತನ್ನ ಒಡೆತನವನ್ನು ಪೂರ್ತಿ ಬಿಟ್ಟುಕೊಟ್ಟು, ಅದರ ಮೇಲೆ ಇನ್ನೊಬ್ಬನ ಒಡೆತನ ಹುಟ್ಟುವಂತೆ ಮಾಡುವುದೇ ದಾನ. ಕೊಟ್ಟವನಿಗೆ ಅದರಲ್ಲಿ ಎಳ್ಳಷ್ಟು ಹಕ್ಕು ಉಳಿದರೂ ಅದು ದಾನವಾಗುವುದಿಲ್ಲ. ಪಡೆಯುವವನು ಒಪ್ಪಿ ಸ್ವೀಕರಿಸದಿದ್ದರೆ, ಅಂದರೆ ಶಾಸ್ತ್ರದ ಮಾತಿನಲ್ಲಿ ಪ್ರತಿಗ್ರಹ ನಡೆಯದಿದ್ದರೆ, ಆಗಲೂ ಆಗುವುದಿಲ್ಲ. ಕನ್ನಡ ನಾಡಿನ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ‘ಧಾರಾಪೂರ್ವಕ’ ಎಂಬ ಮಾತು ಈ ಬಿಡುಗಡೆಯ ಗುರುತಾಗಿದ್ದು, ಅಂಗೈಗೆ ಎರೆದ ನೀರು ನೆಲಕ್ಕಿಳಿದ ಮೇಲೆ ಹೇಗೆ ಮರಳಿ ಗಿಂಡಿಗೆ ಬಾರದೋ ಹಾಗೆಯೇ ಕೊಟ್ಟ ಭೂಮಿಯೂ ಕೊಟ್ಟವನಿಗೆ ಮರಳದು ಎಂಬುದನ್ನು ಹತ್ತು ಜನರೆದುರು ಒಪ್ಪಿಕೊಂಡ ಕ್ರಮವೆಂದು ಅದನ್ನು ತಿಳಿಯಬಹುದು.

ಈ ಲಕ್ಷಣವನ್ನು ಒಂದು ದೇಶಕ್ಕೆ ಅನ್ವಯಿಸಲು ಬರುತ್ತದೆಯೇ ಎಂಬುದು ಇಲ್ಲಿನ ಪ್ರಶ್ನೆ. ದೊಡ್ಡ ದೇಶವೊಂದು ನೆರೆಯ ಸಣ್ಣ ದೇಶಕ್ಕೆ ರಸ್ತೆ, ಆಸ್ಪತ್ರೆ, ವಿದ್ಯುದಾಗಾರಗಳನ್ನು ಕಟ್ಟಿಕೊಟ್ಟಾಗ ರಾಜತಾಂತ್ರಿಕ ಭಾಷೆ ಅದನ್ನು ‘ಅಭಿವೃದ್ಧಿ ಸಹಕಾರ’ ಎಂದು ಕರೆದು ಸುಮ್ಮನಾಗುತ್ತದೆ. ಆದರೆ ಅದು ದಾನವೋ, ವ್ಯಾಪಾರವೋ, ಸಾಲವೋ, ಹಳೆಯ ಋಣದ ತೀರುವಳಿಯೋ ಎಂದು ಕೇಳದೆ ಆ ಸಂಬಂಧದ ನೈತಿಕ ಸ್ವರೂಪ ತಿಳಿಯುವಂತಿಲ್ಲ. ಭಾರತ ಮತ್ತು ಭೂತಾನಗಳ ನಂಟನ್ನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡುವುದಕ್ಕೆ ವಿಶೇಷ ಕಾರಣವಿದೆ: ಎರಡೂ ಕಡೆಯವರು ದಾನವನ್ನು ಕುರಿತು ಶತಮಾನಗಳ ಕಾಲ ಚಿಂತಿಸಿದ ಪರಂಪರೆಗಳಿಗೆ ಸೇರಿದವರು.

ಈ ಸಂಬಂಧದ ಮೊದಲ ಹಣ ದಾನದ ಹಣವಾಗಿರಲಿಲ್ಲ ಎಂಬುದನ್ನು ಮೊದಲೇ ಗಮನಿಸಬೇಕು. ಬೆಟ್ಟದ ಬುಡದ ಫಲವತ್ತಾದ ದುವಾರ್ ಪ್ರದೇಶವನ್ನು, ಅಂದರೆ ಬಂಗಾಳ ಹಾಗೂ ಅಸ್ಸಾಮಿನ ಬಯಲಿನಿಂದ ಭೂತಾನಿಗೆ ಏರುವ ಬಾಗಿಲುಗಳಂತಿರುವ ನೆಲವನ್ನು, ಬ್ರಿಟಿಷರು ಯುದ್ಧದಲ್ಲಿ ಕಿತ್ತುಕೊಂಡು, 1865ರ ಸಿಂಚುಲಾ ಒಪ್ಪಂದದಲ್ಲಿ ಅದಕ್ಕೆ ಬದಲಾಗಿ ವರ್ಷಕ್ಕೆ 50,000 ರೂಪಾಯಿವರೆಗೆ ಕೊಡಲು ಒಪ್ಪಿದರು. 1910ರಲ್ಲಿ ಅದು ಒಂದು ಲಕ್ಷವಾಯಿತು. ಸ್ವತಂತ್ರ ಭಾರತ 1949ರ ಆಗಸ್ಟ್ 8ರಂದು ದಾರ್ಜಿಲಿಂಗಿನಲ್ಲಿ ಸಹಿಯಾದ ಒಪ್ಪಂದದಲ್ಲಿ ಆ ಮೊತ್ತವನ್ನು ಐದು ಲಕ್ಷಕ್ಕೆ ಏರಿಸಿ, ದೇವಾನ್‌ಗಿರಿ ಎಂಬಲ್ಲಿನ ಸುಮಾರು 32 ಚದರ ಮೈಲಿ ನೆಲವನ್ನು ಹಿಂದಿರುಗಿಸಿತು. ಇದು ಮರಳಿಸುವಿಕೆ, ಕೊಡುವಿಕೆಯಲ್ಲ. ಅದೇ ಒಪ್ಪಂದದ ಎರಡನೆಯ ವಿಧಿಯಲ್ಲಿ ಭೂತಾನ್ ತನ್ನ ವಿದೇಶ ವ್ಯವಹಾರಗಳಲ್ಲಿ ಭಾರತದ ಸಲಹೆಯಂತೆ ನಡೆಯಬೇಕೆಂದೂ ಬರೆಯಲಾಗಿತ್ತು. ನೆಲ ಮರಳಿತು, ಹಣ ಹೆಚ್ಚಿತು, ಆದರೆ ಹೊರಜಗತ್ತಿನೊಡನೆ ಮಾತಾಡುವ ಹಕ್ಕಿನ ಮೇಲೆ ಒಂದು ಹಿಡಿತ ಉಳಿದುಕೊಂಡಿತು. ಆ ವಿಧಿ ಹೋಗಲು 2007ರ ಫೆಬ್ರುವರಿಯವರೆಗೆ ಕಾಯಬೇಕಾಯಿತು. ಒಡೆತನದ ಪೂರ್ಣ ತ್ಯಾಗವೇ ದಾನವೆಂಬ ಮಾತು ಎಷ್ಟು ಕಠಿಣವೆಂಬುದಕ್ಕೆ ಈ 58 ವರ್ಷಗಳೇ ಸಾಕ್ಷಿ.

1958ರಲ್ಲಿ ಜವಾಹರಲಾಲ್ ನೆಹರೂ ಸಿಕ್ಕಿಮಿನಿಂದ ನಾಥು ಲಾ ಕಣಿವೆ ದಾಟಿ, ಟಿಬೆಟ್ಟಿನ ಚುಂಬಿ ಕಣಿವೆಯ ಮೂಲಕ ದಿನಗಟ್ಟಲೆ ಪಯಣಿಸಿ ಪಾರೋ ತಲುಪಿದ್ದು ಭಾರತದಿಂದ ಭೂತಾನಿನ ಒಳನಾಡಿಗೆ ಮೋಟಾರು ರಸ್ತೆಯೇ ಇಲ್ಲದಿದ್ದ ಕಾಲದಲ್ಲಿ. ಭೂತಾನ್ ಸ್ವತಂತ್ರವಾಗಿ ಉಳಿದು ತನ್ನ ಜೀವನಕ್ರಮವನ್ನು ತಾನೇ ಆರಿಸಿಕೊಳ್ಳಬೇಕೆಂಬುದಷ್ಟೇ ಭಾರತದ ಬಯಕೆ ಎಂದು ಅವರು ಅಲ್ಲಿನ ಜನರಿಗೆ ಹೇಳಿದರು. 1961ರಲ್ಲಿ ಭೂತಾನಿನ ಮೊದಲ ಪಂಚವಾರ್ಷಿಕ ಯೋಜನೆ ಆರಂಭವಾಯಿತು. ಮೊದಲ ಎರಡು ಯೋಜನೆಗಳ ಪೂರ್ಣ ವೆಚ್ಚವನ್ನು ಭಾರತವೇ ಭರಿಸಿತು. ಅದೇ ವರ್ಷ ಗಡಿ ರಸ್ತೆಗಳ ಸಂಸ್ಥೆಯ ‘ದಂತಕ್’ ಯೋಜನೆ ಗಡಿಯ ಫುಂಟ್‌ಶೋಲಿಂಗಿನಿಂದ ಥಿಂಪುವಿನತ್ತ ರಸ್ತೆ ಕಡಿಯಲು ತೊಡಗಿತು. ಟಿಬೆಟ್ಟಿನ ದಂಗೆಯನ್ನು ಚೀನಾ 1959ರಲ್ಲಿ ಹತ್ತಿಕ್ಕಿದ ನೆನಪು ಹಸಿಯಾಗಿದ್ದಾಗ ಆ ರಸ್ತೆ ಭಾರತದ ಸೇನೆಗೂ ಬೇಕಾಗಿತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ಪ್ರತ್ಯುಪಕಾರ ಮಾಡಲಾರದವನಿಗೆ, ಕೊಡುವುದು ಕರ್ತವ್ಯವೆಂಬ ಭಾವದಿಂದ ಮಾತ್ರ ಕೊಟ್ಟದ್ದನ್ನು ಸಾತ್ತ್ವಿಕ ದಾನವೆಂದೂ, ಪ್ರತಿಫಲದ ಮೇಲೆ ಕಣ್ಣಿಟ್ಟು ಕೊಟ್ಟದ್ದನ್ನು ರಾಜಸವೆಂದೂ ವಿಂಗಡಿಸುತ್ತದೆ. ಈ ಅಳತೆಯಲ್ಲಿ ಯಾವ ಸರಕಾರದ ಕೊಡುಗೆಯೂ ಸಾತ್ತ್ವಿಕವಾಗಲಾರದು, ಆಗಲೂಬಾರದು. ಏಕೆಂದರೆ ಸರಕಾರ ಕೊಡುವುದು ತನ್ನ ಹಣವನ್ನಲ್ಲ, ಪ್ರಜೆಗಳು ನಂಬಿ ಒಪ್ಪಿಸಿದ ತೆರಿಗೆಯನ್ನು, ಮತ್ತು ಅವರ ಹಿತವನ್ನು ಮರೆತು ಅದನ್ನು ಎರೆದುಬಿಡುವುದು ನಂಬಿಕೆದ್ರೋಹ. ಹಾಗಾದರೆ ದೇಶದೇಶಗಳ ನಡುವಿನ ಕೊಡುಗೆ ಎಂದಿಗೂ ಕೆಳದರ್ಜೆಯದೇ ಎಂದು ಕೈಬಿಡಬೇಕೆ? ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿ ಇಲ್ಲಿ ಹೆಚ್ಚು ನೆರವಾಗುತ್ತದೆ. ಗುರುಕುಲದಿಂದ ಹೊರಡುವ ಶಿಷ್ಯನಿಗೆ ಅದು ಶ್ರದ್ಧೆಯಿಂದ ಕೊಡು ಎನ್ನುವಷ್ಟಕ್ಕೇ ನಿಲ್ಲದೆ, ‘ಹ್ರೀ’ಯಿಂದ, ಅಂದರೆ ನಾಚಿಕೆ ಸಂಕೋಚಗಳಿಂದ ಕೊಡು ಎಂದೂ, ಭಯದಿಂದ ಕೊಡು ಎಂದೂ, ‘ಸಂವಿತ್’ ಎಂಬ ಅರಿವಿನಿಂದ ಕೊಡು ಎಂದೂ ಹೇಳುತ್ತದೆ. ಕೊಡುವವನಿಗೇಕೆ ನಾಚಿಕೆ? ತನ್ನಲ್ಲಿ ಹೆಚ್ಚಿದೆ, ಎದುರಿನವನಲ್ಲಿ ಕಡಿಮೆಯಿದೆ ಎಂಬ ಸ್ಥಿತಿಯೇ ಸಂಕೋಚಪಡಬೇಕಾದ ಸಂಗತಿಯಾದ್ದರಿಂದ. ಸ್ವಾರ್ಥವೇ ಇಲ್ಲವೆಂದು ಹೇಳಿಕೊಳ್ಳುವ ಸರಕಾರಕ್ಕಿಂತ, ನಮಗೂ ಬೇಕಾದದ್ದಿದೆ ಎಂದು ತಗ್ಗಿದ ದನಿಯಲ್ಲಿ ಒಪ್ಪಿಕೊಳ್ಳುವ ಸರಕಾರವೇ ಈ ಉಪದೇಶಕ್ಕೆ ಹತ್ತಿರ.

ಚುಖಾ ಜಲವಿದ್ಯುತ್ ಯೋಜನೆಯಲ್ಲಿ ಇದು ಕಣ್ಣಿಗೆ ಕಾಣುವಂತಿದೆ. 1974ರ ಒಪ್ಪಂದದಂತೆ ವೆಚ್ಚದ ಶೇಕಡಾ 60 ಭಾಗವನ್ನು ಅನುದಾನವಾಗಿ, 40 ಭಾಗವನ್ನು ಸಾಲವಾಗಿ ಭಾರತ ಒದಗಿಸಿತು. ತಲಾ 84 ಮೆಗಾವಾಟಿನ ನಾಲ್ಕು ಯಂತ್ರಗಳು 1986ರಿಂದ 1988ರೊಳಗೆ ಒಂದೊಂದಾಗಿ ತಿರುಗತೊಡಗಿ, 1991ರಲ್ಲಿ ಇಡೀ ಯೋಜನೆ ಭೂತಾನಿನ ಕೈಸೇರಿತು. ವಾಂಗ್‌ಚು ನದಿಯನ್ನು ತಡೆದು ಸುರಂಗಕ್ಕೆ ತಿರುಗಿಸಲಾಗುತ್ತದೆ. ಬೆಟ್ಟದ ಹೊಟ್ಟೆಯೊಳಗೆ ಕೊರೆದ ಯಂತ್ರಾಗಾರದಲ್ಲಿ ನೀರು ಚಕ್ರಗಳಿಗೆ ಬಡಿದು, ತನ್ನ ವೇಗವನ್ನಷ್ಟೇ ಕೊಟ್ಟು, ಒಂದು ಹನಿಯೂ ಖರ್ಚಾಗದಂತೆ ಮತ್ತೆ ನದಿಗೆ ಸೇರಿ, ಬಯಲಿನಲ್ಲಿ ರಾಯ್‌ಡಾಕ್ ಎಂಬ ಹೆಸರು ಪಡೆದು ಪಶ್ಚಿಮ ಬಂಗಾಳಕ್ಕೆ ಇಳಿಯುತ್ತದೆ. ಹುಟ್ಟಿದ ವಿದ್ಯುತ್ತಿನ ದೊಡ್ಡ ಪಾಲೂ ಅದೇ ದಿಕ್ಕಿನಲ್ಲಿ ಭಾರತಕ್ಕೆ ಬರುತ್ತದೆ, ಭಾರತ ಅದಕ್ಕೆ ಬೆಲೆ ಕೊಡುತ್ತದೆ, ಆ ಆದಾಯದಿಂದ ಭೂತಾನ್ ಶಾಲೆ ಆಸ್ಪತ್ರೆಗಳನ್ನು ನಡೆಸುತ್ತದೆ. ಇಲ್ಲಿ ಪಡೆದವನು ಪ್ರತ್ಯುಪಕಾರ ಮಾಡಬಲ್ಲವನಾದ. ಗೀತೆಯ ಮಾತಿನಂತೆ ಇದು ಕೊಡುಗೆಯ ಮಟ್ಟವನ್ನು ಇಳಿಸಬೇಕಾಗಿತ್ತು. ವಾಸ್ತವದಲ್ಲಿ ಏರಿಸಿದೆ. ತಿರುಗಿ ಕೊಡಲು ಶಕ್ತನಾಗುವುದೇ ಪಡೆದವನ ಮಾನ, ಆ ಶಕ್ತಿಯನ್ನು ಉಂಟುಮಾಡಿ ತಾನೂ ಕೈಚಾಚಲು ಒಪ್ಪುವುದೇ ಕೊಟ್ಟವನ ವಿನಯ.

ಬೌದ್ಧರ ಪ್ರಜ್ಞಾಪಾರಮಿತಾ ಗ್ರಂಥಗಳು ಹೇಳುವ ‘ತ್ರಿಮಂಡಲ ಪರಿಶುದ್ಧಿ’ ಇದಕ್ಕಿಂತಲೂ ಆಳಕ್ಕೆ ಹೋಗುತ್ತದೆ. ಕೊಡುವವನು, ಪಡೆಯುವವನು, ಕೊಡುವ ವಸ್ತು ಎಂಬ ಮೂರಕ್ಕೂ ಸ್ವತಂತ್ರವಾದ ಸತ್ತೆಯಿಲ್ಲ, ಒಂದನ್ನು ಬಿಟ್ಟು ಇನ್ನೊಂದಿಲ್ಲ ಎಂದು ಕಂಡುಕೊಂಡು ಕೊಟ್ಟದ್ದೇ ದಾನಪಾರಮಿತೆ. ಈ ತತ್ತ್ವ ನಿತ್ಯದ ಬದುಕಿಗೆ ಇಳಿದ ಬಗೆಯನ್ನು ಭೂತಾನಿನ ಮನೆಗಳ ಪೂಜಾಗೃಹದಲ್ಲಿ ಕಾಣಬಹುದು. ಬೆಳಗಾಗುತ್ತಲೇ ಏಳು ಬಟ್ಟಲುಗಳನ್ನು ಒಂದಕ್ಕೊಂದು ಬಾರ್ಲಿಯ ಕಾಳಿನಷ್ಟು ಅಂತರವಿಟ್ಟು ಸಾಲಾಗಿ ಜೋಡಿಸಿ, ಅಂಚಿಗೆ ಕಾಳಿನಷ್ಟು ಕಡಿಮೆಯಾಗುವಂತೆ ನೀರು ತುಂಬಿಸಿ ಬುದ್ಧನಿಗೆ ಅರ್ಪಿಸುತ್ತಾರೆ. ಸಂಜೆ ಆ ನೀರನ್ನು ಚೆಲ್ಲಿ, ಒರೆಸಿ, ಬಟ್ಟಲುಗಳನ್ನು ಬೋರಲು ಹಾಕುತ್ತಾರೆ. ನೀರೇ ಏಕೆಂದರೆ, ಅದು ಬಡವನಿಗೂ ಸಿಗುವಂಥದು, ಕೊಟ್ಟೆನೆಂಬ ಹೆಮ್ಮೆಯಾಗಲಿ ಕಳೆದುಕೊಂಡೆನೆಂಬ ನೋವಾಗಲಿ ಅದರೊಂದಿಗೆ ಅಂಟಿಕೊಳ್ಳುವುದಿಲ್ಲ ಎಂದು ವಿವರಿಸುತ್ತಾರೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ಮಠದಲ್ಲಿ ಭೂತಾನಿನಿಂದ ಬಂದ ಭಿಕ್ಷುಗಳೂ ಕಲಿಯುತ್ತಾರಾದ್ದರಿಂದ ಕನ್ನಡಿಗರಿಗೆ ಈ ಬಟ್ಟಲ ಸಾಲು ತೀರ ದೂರದ್ದೇನೂ ಅಲ್ಲ.

ಇಷ್ಟು ಶುದ್ಧವಾದ ನೀರು ರಾಜಕಾರಣದಲ್ಲಿ ಹರಿಯುವುದಿಲ್ಲವೆಂಬುದೂ ನಿಜ. 2013ರ ಜುಲೈನಲ್ಲಿ, ಭೂತಾನಿನ ಸಾರ್ವತ್ರಿಕ ಚುನಾವಣೆಯ ಕೊನೆಯ ಸುತ್ತಿನ ಹೊಸ್ತಿಲಲ್ಲಿ, ಅಡುಗೆ ಅನಿಲ ಮತ್ತು ಸೀಮೆಎಣ್ಣೆಗೆ ಭಾರತ ಕೊಡುತ್ತಿದ್ದ ಸಬ್ಸಿಡಿ ನಿಂತುಹೋಯಿತು. ಅವಧಿ ಮುಗಿದದ್ದೇ ಕಾರಣವೆಂಬ ವಿವರಣೆ ಬಂದರೂ, ಸಿಲಿಂಡರಿನ ಬೆಲೆ ಒಮ್ಮೆಲೇ ಏರಿದ ಮನೆಗಳಲ್ಲಿ ಅದನ್ನು ಹಾಗೆ ಓದಿಕೊಳ್ಳುವುದು ಸುಲಭವಿರಲಿಲ್ಲ. ಚುನಾವಣೆಯ ನಂತರ ಸಬ್ಸಿಡಿ ಮರಳಿತು, ಆದರೆ ಕೊಟ್ಟದ್ದನ್ನು ಕಿತ್ತುಕೊಳ್ಳಬಲ್ಲ ಕೈಯೊಂದು ಮೇಲಿದೆ ಎಂಬ ಅರಿವು ಮರೆಯಾಗಲಿಲ್ಲ. ತಾನು ಕೊಟ್ಟದ್ದನ್ನಾಗಲಿ ಇತರರು ಕೊಟ್ಟದ್ದನ್ನಾಗಲಿ ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪವನ್ನು ನಮ್ಮ ಶಾಸನಗಳ ಕೊನೆಯಲ್ಲಿ ಕೆತ್ತಿದ್ದು ಕೊಡುಗೈ ದೊರೆಗಳ ಮನಸ್ಸೂ ಬದಲಾಗುತ್ತದೆಂದು ಬಲ್ಲ ಜನ.

ಸಾಲದ ಪ್ರಮಾಣವೂ ಬದಲಾಗಿದೆ. ಚುಖಾ ಮತ್ತು 1,020 ಮೆಗಾವಾಟಿನ ತಾಲಾ ಯೋಜನೆಗಳಲ್ಲಿ 60ಕ್ಕೆ 40 ಇದ್ದ ಅನುದಾನ ಮತ್ತು ಸಾಲದ ಲೆಕ್ಕ, 2019ರಲ್ಲಿ ಉತ್ಪಾದನೆ ಆರಂಭಿಸಿದ 720 ಮೆಗಾವಾಟಿನ ಮಾಂಗ್‌ದೆಚು ಯೋಜನೆಯ ಹೊತ್ತಿಗೆ 30ಕ್ಕೆ 70 ಆಯಿತು. ಪುನತ್ಸಾಂಗ್‌ಚುವಿನ ಮೊದಲ ಯೋಜನೆಯಲ್ಲಿ ಅಣೆಕಟ್ಟೆಯ ಬಲದಂಡೆಯ ಗುಡ್ಡವೇ 2013ರಲ್ಲಿ ಜಾರಿ, ಕೆಲಸ ವರ್ಷಗಟ್ಟಲೆ ಹಿಂದೆ ಬಿದ್ದು ವೆಚ್ಚ ಬೆಳೆಯಿತು. ಗುಡ್ಡದ ಗುಣ ಅರಿಯುವುದರಲ್ಲಿ ಆದ ತಪ್ಪಿನ ಭಾರ ಯಾರ ಹೆಗಲಿಗೆ ಎಂಬುದು ಲೆಕ್ಕಪತ್ರದ ಪ್ರಶ್ನೆಯಷ್ಟೇ ಅಲ್ಲ. ‘ಸಂವಿತ್’ ಇಲ್ಲದೆ ಕೊಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆಯೂ ಹೌದು.

ಇನ್ನೂ ಕಷ್ಟದ ಮಾತೊಂದಿದೆ. ‘ಒಟ್ಟು ರಾಷ್ಟ್ರೀಯ ಸಂತೋಷ’ವನ್ನು ತನ್ನ ಆದರ್ಶವಾಗಿ ಸಾರಿದ ಭೂತಾನಿನ ದಕ್ಷಿಣ ಭಾಗದಿಂದ 1990ರ ದಶಕದ ಆರಂಭದಲ್ಲಿ ನೇಪಾಳಿ ಮೂಲದ ಲಕ್ಷದಷ್ಟು ಜನ ಹೊರದೂಡಲ್ಪಟ್ಟು, ಭಾರತದ ನೆಲವನ್ನು ಹಾದು ನೇಪಾಳದ ಶಿಬಿರಗಳನ್ನು ಸೇರಿದರು. ಅದು ಭೂತಾನ್ ಮತ್ತು ನೇಪಾಳಗಳ ನಡುವಿನ ವಿಷಯವೆಂದು ಭಾರತ ದೂರ ಉಳಿಯಿತು. ಗೆಳೆತನ ಕೆಡದಿರಲೆಂದು ಉಳಿಸಿಕೊಂಡ ಮೌನವನ್ನು ಸಂಕೋಚವೆನ್ನಲಾಗದು. ಉಪನಿಷತ್ತು ಹೇಳಿದ ನಾಚಿಕೆ ಕೊಡುವವನ ಅಹಂಕಾರವನ್ನು ತಡೆಯುವುದಕ್ಕಿದೆಯೇ ಹೊರತು ಮೂರನೆಯವನ ಕಣ್ಣೀರಿಗೆ ಬೆನ್ನು ತಿರುಗಿಸುವುದಕ್ಕಲ್ಲ.

ಬಸವಣ್ಣನವರ ಕಾಲದ ಶರಣರು ದಾನವೆಂಬ ಮಾತಿನ ಬಗ್ಗೆಯೇ ಅನುಮಾನ ತಾಳಿ ದಾಸೋಹವನ್ನು ಎತ್ತಿಹಿಡಿದದ್ದು ಈ ತೊಡಕನ್ನು ಕಂಡೇ. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಇರುವುದೆಲ್ಲ ಮೊದಲೇ ಶಿವನದಾದ್ದರಿಂದ ಕೊಡುವವನು ಬಡಿಸುವ ಆಳು ಮಾತ್ರ. ಹಿಮಾಲಯದ ನದಿಯನ್ನು ಯಾವ ದೇಶವೂ ಹುಟ್ಟಿಸಿದ್ದಲ್ಲ ಎಂದು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ. ಭೂತಾನಿನ ಹದಿಮೂರನೆಯ ಯೋಜನೆಗೆ ಭಾರತ 10,000 ಕೋಟಿ ರೂಪಾಯಿಗಳ ನೆರವನ್ನು ಒಪ್ಪಿರುವ ಇಂದಿನ ದಿನಗಳಲ್ಲೂ ಆ ನದಿಗಳು ತಮ್ಮ ಋತುವನ್ನು ಬಿಟ್ಟು ಹರಿಯುವುದಿಲ್ಲ. ಬೇಸಿಗೆ ಮಳೆಗಾಲಗಳಲ್ಲಿ ಉಕ್ಕುವ ವಾಂಗ್‌ಚು ಚಳಿಗಾಲಕ್ಕೆ ಸೊರಗುತ್ತದೆ, ಚಕ್ರಗಳು ನಿಧಾನವಾಗುತ್ತವೆ, ಭೂತಾನ್ ಆಗ ಭಾರತದಿಂದಲೇ ವಿದ್ಯುತ್ತನ್ನು ಕೊಳ್ಳುತ್ತದೆ. ಮಳೆಗಾಲದಲ್ಲಿ ಬಯಲಿಗೆ ಇಳಿದು ಬರುತ್ತಿದ್ದ ಕರೆಂಟು ಬೆಟ್ಟ ಹತ್ತಿ ಹೋಗುತ್ತದೆ, ಥಿಂಪುವಿನ ಮನೆಗಳ ಕುಕ್ಕರುಗಳಲ್ಲಿ ಬೆಳಗಿನ ಕೆಂಪಕ್ಕಿ ಅನ್ನ ಬೇಯುತ್ತದೆ.