ಹಿಡಿದಿಟ್ಟ ನಗೆ

ಮಂಡ್ಯ, ಮದ್ದೂರು, ಮಳವಳ್ಳಿಗಳ ಸುತ್ತಿನ ಗ್ರಾಮಗಳಲ್ಲಿ ಹಬ್ಬ ಜಾತ್ರೆಗಳು ಸಮೀಪಿಸಿದುವೆಂದರೆ ಬೇಸಾಯಗಾರರೇ ಬಣ್ಣ ಹಚ್ಚಿ ‘ಕುರುಕ್ಷೇತ್ರ’ ನಾಟಕವನ್ನಾಡುವುದು ಬಹುಕಾಲದ ರೂಢಿ. ಹಾರ್ಮೋನಿಯಂ ಮೇಷ್ಟರು ಕಲಿಸಿದ ಕಂದ ವೃತ್ತಗಳನ್ನು ಭೀಮ ದುರ್ಯೋಧನರು ತಪ್ಪದೆ ಹಾಡಬೇಕು. ಹಾಸ್ಯದ ಪಾತ್ರಕ್ಕೆ ಮಾತ್ರ ಈ ಕಟ್ಟಿಲ್ಲ. ನಾಲೆಯ ನೀರಿನ ಸರದಿಗಾಗಿ ನಡೆದ ಜಗಳ, ಊರ ಯಜಮಾನನ ಜಿಪುಣತನ, ಎದುರಿಗೆ ಕುಳಿತವನೊಬ್ಬನ ತೊದಲು, ಎಲ್ಲವೂ ಅವನಿಗೆ ಆ ಕ್ಷಣದಲ್ಲಿ ಒದಗಿದ ಸಾಮಗ್ರಿ. ಹಿಂದೆ ಬೆಳಗಾಗುವ ಹೊತ್ತಿಗೆ ಪರದೆಗಳೊಡನೆ ಆ ಮಾತುಗಳೂ ಮರೆಯಾಗುತ್ತಿದ್ದುವು. ಈಗ ಸಭಿಕರ ಕೈಯ ಮೊಬೈಲುಗಳು ಅವನ್ನು ಹಿಡಿದಿಡುತ್ತವೆ. ಅದೇ ಪಾತ್ರಧಾರಿಯು ಮುಂದೆ ನಗರದ ವೇದಿಕೆಗಳಲ್ಲಿ ಒಬ್ಬನೇ ನಿಂತು ನಗಿಸುವ ಪ್ರಸಿದ್ಧ ಹಾಸ್ಯಗಾರನಾದನೆನ್ನೋಣ. ಯಾರೋ ಆ ಮೊದಲ ರಾತ್ರಿಯ ಆಟವನ್ನು ಹೊರತೆಗೆದು ಲೋಕದ ಮುಂದಿಟ್ಟರೆ, ಅದರಿಂದ ಅವನನ್ನು ಅಳೆಯುವುದು ನ್ಯಾಯವೇ?

ರಂಗದ ಹಾಸ್ಯದ ಸ್ವಭಾವವನ್ನು ಮೊದಲು ನೋಡಬೇಕು. ಗುಬ್ಬಿ ವೀರಣ್ಣನವರು ‘ಸದಾರಮೆ’ಯ ಕಳ್ಳನ ಪಾತ್ರದಿಂದ ನಾಡಿಗೆಲ್ಲ ಪರಿಚಿತರಾದವರು. 1935ರಲ್ಲಿ ಆ ನಾಟಕವು ಚಲಚ್ಚಿತ್ರವಾದಾಗ ಅದರಲ್ಲಿಯೂ ಅವರು ಅಭಿನಯಿಸಿದರು. ನಗೆಯ ಅಲೆ ಇಳಿಯುವವರೆಗೆ ಕಾದು ಮುಂದಿನ ಮಾತನ್ನಾಡುವ ನಟನಿಗೆ ಯಂತ್ರದ ಮುಂದೆ ಕಾಯುವುದಕ್ಕೇನೂ ಇರದು. ಯಂತ್ರವು ನಗುವುದೂ ಇಲ್ಲ, ಮುಖ ಸಿಂಡರಿಸುವುದೂ ಇಲ್ಲ. ಮಾಸ್ಟರ್ ಹಿರಣ್ಣಯ್ಯನವರ (1934–2019) ‘ಲಂಚಾವತಾರ’ವು ಹತ್ತು ಸಾವಿರಕ್ಕೂ ಮಿಕ್ಕಿ ಪ್ರದರ್ಶನಗಳನ್ನು ಕಂಡಿತಾದರೂ ಒಂದು ರಾತ್ರಿಯಂತೆ ಮತ್ತೊಂದಿರಲಿಲ್ಲ. ಆಯಾ ದಿನದ ರಾಜಕೀಯದ ಸುದ್ದಿಯು ಆಯಾ ರಾತ್ರಿ ಮಾತಾಗಿ ಹೊರಡುತ್ತಿತ್ತು. ಧ್ವನಿಮುದ್ರಣದಲ್ಲಿ ಉಳಿಯುವುದು ಅಂಥ ಸಾವಿರಾರು ರಾತ್ರಿಗಳಲ್ಲಿ ಒಂದು ಮಾತ್ರ.

ಹಾಸ್ಯಗಾರನು ತನ್ನ ಮಾತನ್ನು ತಿದ್ದಿಕೊಳ್ಳುವುದು ಸಭೆಯ ಮುಖವನ್ನು ನೋಡಿ. ಇಂದು ನೊಂದ ಮುಖವೊಂದು ಕಂಡರೆ, ಮನುಷ್ಯತ್ವವುಳ್ಳವನು ನಾಳೆ ಆ ಮಾತನ್ನು ಬಿಡುವನು. ಮುದ್ರಿಕೆಯಲ್ಲಿ ಆ ನಾಳೆ ಇಲ್ಲ. ಕವಿಯು ಎಳೆತನದ ಪದ್ಯವನ್ನು ಹರಿದೆಸೆಯಬಹುದು. ಶಿಲ್ಪಿಯು ಕೆಟ್ಟ ವಿಗ್ರಹವನ್ನು ಒಡೆಯಬಹುದು. ಇವನಿಗೆ ಆ ಸ್ವಾತಂತ್ರ್ಯ ಉಳಿದಿಲ್ಲವೆಂಬುದು ಸಣ್ಣ ಅನ್ಯಾಯವಲ್ಲ.

ಇಷ್ಟಕ್ಕೇ ನಿಂತರೆ ವಿಚಾರವು ಹಾಸ್ಯಗಾರನ ಪಕ್ಷವೇ ಆಗಿಬಿಡುತ್ತದೆ. ಹಿರಣ್ಣಯ್ಯನವರ ಚಾಟಿ ಬಿದ್ದುದು ಅಧಿಕಾರಸ್ಥರ ಮೇಲೆ. ಅವರು ಉತ್ತರ ಕೊಡಬಲ್ಲವರು, ಬೇಕಾದರೆ ದಂಡಿಸಲೂ ಬಲ್ಲವರು. ಊರ ಯಜಮಾನನೂ ಮರುದಿನ ಹಾಸ್ಯಗಾರನನ್ನು ಕರೆಸಿ ಗದರಿಸಬಲ್ಲನು. ತೊದಲುವವನ ಸ್ಥಿತಿಯೇ ಬೇರೆ. ಸಭೆಯೆಲ್ಲ ನಗುವಾಗ ಅವನೂ ನಗಲೇಬೇಕು. ನಗದಿದ್ದರೆ ಮತ್ತಷ್ಟು ನಗೆಪಾಟಲು. ಸಭೆಯು ಹಾಸ್ಯಗಾರನಿಗೆ ಸಲುಗೆ ಕೊಟ್ಟಿತ್ತೆನ್ನುವವರು, ಇವನು ಕೊಟ್ಟಿದ್ದನೇ ಎಂದು ಕೇಳುವುದಿಲ್ಲ. ಆ ರಾತ್ರಿ ಅವನ ಪರವಾಗಿ ಒಬ್ಬ ಸಾಕ್ಷಿಯೂ ಇರಲಿಲ್ಲ. ಈಗ ಆ ಮುದ್ರಿಕೆಯೊಂದು ಸಾಕ್ಷಿಯಾಗಿದೆ. ಅದನ್ನು ಅಳಿಸಬೇಕೆನ್ನುವುದು ಹಾಸ್ಯಗಾರನಿಗೆ ದಯೆಯಾದೀತು. ಇವನಿಗೆ ಎರಡನೆಯ ಸಲ ಬಾಯಿ ಕಟ್ಟಿದಂತೆ.

ಆದುದರಿಂದ ಮುದ್ರಿಕೆಯು ಉಳಿಯಲಿ. ತೀರ್ಪನ್ನು ಮಾತ್ರ ಅದೊಂದರಿಂದಲೇ ಕೊಡಲಾಗದು. ಎರಡನೆಯ ರಾತ್ರಿ ಅವನು ಆ ಮಾತನ್ನು ಬಿಟ್ಟನೇ? ಮುಂದೆಂದಾದರೂ ತೊದಲುವವನ ಮನೆಯ ಬಾಗಿಲಿಗೆ ಹೋದನೇ? ಇದನ್ನು ಅವನೇ ಹೇಳಬೇಕು, ಅವನನ್ನೇ ಕೇಳಬೇಕು. ದೂರದಲ್ಲಿ ಕುಳಿತು ಒಂದು ಗಳಿಗೆಯ ನೋಟದಿಂದ ರೇಗುವವರಿಗಾಗಲಿ, ಹಳೆಯ ಕಾಲದ ತಮಾಷೆಯೆಂದು ತೇಲಿಸುವವರಿಗಾಗಲಿ ಈ ಶ್ರಮ ಬೇಡವಾಗಿದೆ.

ತೊದಲುವವನ ಮಗಳು ಎಂದಾದರೊಂದು ದಿನ ಆ ಆಟವನ್ನು ನೋಡಿಯಾಳು. ತಂದೆಯ ಹೆಸರು ಕೇಳಿಸುವುದು, ಒಡನೆಯೇ ಊರೆಲ್ಲ ನಕ್ಕ ಸದ್ದು. ಅವಳು ತಂದೆಯ ಮುಖಕ್ಕಾಗಿ ಹುಡುಕುವಳು. ಮೊಬೈಲು ತಿರುಗಿರುವುದು ರಂಗದ ಕಡೆಗೆ. ಮುಂದಿನ ಸಾಲು ಅದರಲ್ಲಿ ಕಾಣುವುದಿಲ್ಲ.