ಆಟವಾಡುತ್ತಾ ಮಾಡಿದ ಉಪಕಾರ



ಮಕ್ಕಳ ಕಾರ್ಟೂನ್ ಎಂದರೆ ದೊಡ್ಡವರಾದ ನಮಗೆ ತುಸು ತಾತ್ಸಾರ. ಆದರೆ ದೊಡ್ಡ ದೊಡ್ಡ ಗ್ರಂಥಗಳು ಚರ್ಚಿಸಿದ ಪ್ರಶ್ನೆಯೊಂದು ಕೆಲವೊಮ್ಮೆ ಅಲ್ಲಿಯೂ ಅಡಗಿರುತ್ತದೆ. ಅಮೆರಿಕದ ಡಿಸ್ನಿ ಜೂನಿಯರ್ ವಾಹಿನಿಯಲ್ಲಿ 2017ರಲ್ಲಿ ಆರಂಭವಾದ ‘ಪಪ್ಪಿ ಡಾಗ್ ಪಾಲ್ಸ್’ ಸರಣಿಯನ್ನೇ ನೋಡಿ. ಹಾರ್ಲ್ಯಾಂಡ್ ವಿಲಿಯಮ್ಸ್ ಎಂಬ ಹಾಸ್ಯ ಕಲಾವಿದರು ಸೃಷ್ಟಿಸಿದ ಈ ಸರಣಿಯಲ್ಲಿ ಬಿಂಗೊ ಮತ್ತು ರೋಲಿ ಎಂಬ ಎರಡು ಪಗ್ ಮರಿಗಳಿವೆ, ಇಬ್ಬರೂ ಸಹೋದರರು. ಯಜಮಾನ ಬಾಬ್ ಮನೆಯಿಂದ ಹೊರಟನೆಂದರೆ ಇವರ ಸಾಹಸ ಶುರು. ಬಾಬ್‌ಗೆ ಬೇಕಾದುದನ್ನು ತರಲು, ಗೆಳೆಯರ ತೊಂದರೆ ನಿವಾರಿಸಲು ಓಡುತ್ತಾರೆ. ದಾರಿಯುದ್ದಕ್ಕೂ ಕುಣಿತ, ತುಂಟಾಟ, ನಗು.

ಇಲ್ಲಿಯೇ ನಮ್ಮ ಪ್ರಶ್ನೆ ಏಳುತ್ತದೆ. ಖುಷಿಖುಷಿಯಾಗಿ ಮಾಡಿದ ಉಪಕಾರಕ್ಕೆ ಬೆಲೆ ಕಡಿಮೆಯೇ? “ಅವನಿಗೆ ಅದರಲ್ಲಿ ಸಂತೋಷವಿದೆ, ಮಾಡುತ್ತಾನೆ, ಅದರಲ್ಲೇನು ದೊಡ್ಡಸ್ತಿಕೆ?” ಎಂದು ನಾವೂ ಹೇಳುವುದುಂಟಲ್ಲವೇ?

ಜರ್ಮನಿಯ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಪ್ರಕಟವಾದ ತನ್ನ ನೀತಿಗ್ರಂಥದಲ್ಲಿ ಹೆಚ್ಚುಕಡಿಮೆ ಹೀಗೆಯೇ ವಾದಿಸಿದ. ಸ್ವಭಾವದಿಂದಲೇ ಇತರರನ್ನು ಸಂತೋಷಪಡಿಸಲು ಇಷ್ಟಪಡುವವನ ಕೆಲಸ ಮೆಚ್ಚತಕ್ಕದ್ದೇ. ಆದರೆ ಮನಸ್ಸಿಲ್ಲದಿದ್ದರೂ ಕರ್ತವ್ಯವೆಂದು ಮಾಡುವವನ ಕೆಲಸಕ್ಕೇ ನಿಜವಾದ ನೈತಿಕ ಮೌಲ್ಯವಿದೆ ಎಂಬುದು ಅವನ ಅಭಿಪ್ರಾಯ. ಅವನಿಗಿಂತ ಎರಡು ಸಾವಿರ ವರ್ಷಗಳಿಗೂ ಹಿಂದೆ ಗ್ರೀಸಿನ ಅರಿಸ್ಟಾಟಲ್ ಇದಕ್ಕೆ ವಿರುದ್ಧವಾಗಿ ಯೋಚಿಸಿದ್ದ: ಒಳ್ಳೆಯ ಕೆಲಸದಲ್ಲಿ ಸಂತೋಷಪಡದವನು ಇನ್ನೂ ಪೂರ್ಣವಾಗಿ ಒಳ್ಳೆಯವನಾಗಿಲ್ಲ, ಬಾಲ್ಯದಿಂದಲೇ ಸರಿಯಾದುದರಲ್ಲಿ ಸಂತೋಷಪಡುವುದನ್ನು ಕಲಿಸುವುದೇ ಶಿಕ್ಷಣ.

ಯಾರ ಮಾತು ಸರಿ? ಆ ಸಂತೋಷ ಯಾವುದರ ಸಂತೋಷ ಎಂದು ಮೊದಲು ಕೇಳಿಕೊಳ್ಳೋಣ. ಈ ಕಾರ್ಟೂನಿನಲ್ಲಿ ಒಂದು ಸೂಕ್ಷ್ಮವಿದೆ. ತನ್ನ ಮರಿಗಳು ಎಲ್ಲೆಲ್ಲಿ ಹೋಗಿ ಏನೇನು ಮಾಡಿದವು ಎಂಬುದು ಬಾಬ್‌ಗೆ ಗೊತ್ತೇ ಇಲ್ಲ. ಅವನು ಮನೆಗೆ ಮರಳುವಾಗ ಮರಿಗಳು ಮನೆಯಲ್ಲಿರುತ್ತವೆ. ಈ ಸಾಹಸಗಳಿಗೆ ಅವನಿಂದ ಹೊಗಳಿಕೆಯಿಲ್ಲ, ಸನ್ಮಾನವಿಲ್ಲ. ಬಾಬ್‌ಗೆ ಒಳಿತಾಯಿತು ಎಂಬುದೇ ಅವುಗಳ ಸಂತೋಷ. ಪ್ರೀತಿಸುವುದೆಂದರೆ ಇನ್ನೊಬ್ಬರ ಒಳಿತನ್ನು ಬಯಸುವುದು. ಆನಂದ ಆ ಪ್ರೀತಿಯ ಫಲ ಎಂಬುದು ಸಂತ ತೋಮಾಸ್ ಅಕ್ವಿನಾಸರ ಬೋಧನೆ. ಅಂಥ ಆನಂದ ಉಪಕಾರವನ್ನು ಹಗುರ ಮಾಡುವುದಿಲ್ಲ, ಪಕ್ವ ಮಾಡುತ್ತದೆ. ಫಲಕದ ಮೇಲೆ ಹೆಸರು ಬರೆಸಲು ಕೊಟ್ಟ ದಾನದ ಸಂತೋಷವೇ ಬೇರೆ.

ಹಾಗಾದರೆ ಕಾಂಟ್ ಹೇಳಿದ್ದು ಸುಳ್ಳೇ? ಇಲ್ಲ. ಕಾರ್ಟೂನಿನ ಒಂದು ಕಥೆ ಮುಗಿಯಲು ಸುಮಾರು 11 ನಿಮಿಷ ಸಾಕು. ಹಾಸಿಗೆ ಹಿಡಿದ ಅತ್ತೆಯ ಸೇವೆ ಅಷ್ಟರಲ್ಲಿ ಮುಗಿಯುವುದಿಲ್ಲ. ರಾತ್ರಿ ಮೂರು ಸಲ ಎದ್ದು ಬಟ್ಟೆ ಬದಲಿಸುವ ಸೊಸೆಗೆ ಎಲ್ಲಿಂದ ನಗು ಬರಬೇಕು? ಉತ್ಸಾಹ ಬತ್ತಿದ ಮೇಲೂ ಅವಳನ್ನು ಏಳಿಸುವುದು ಕರ್ತವ್ಯವೇ. ಮುಖ ಗಂಟಿಕ್ಕಿಕೊಂಡು ಮಾಡಿದರೂ ಅದು ಪ್ರೀತಿಯೇ. “ನಗುನಗುತ್ತಾ ಮಾಡಬಾರದೇ?” ಎಂದು ಅವಳಿಗೆ ಉಪದೇಶಿಸುವ ಹಕ್ಕು ನಮಗಿಲ್ಲ.

ಆದರೆ ನಾವು ಮಾಡಬಹುದಾದ ಒಂದು ಕೆಲಸವಿದೆ. ಅದನ್ನೂ ಆ ಮರಿಗಳೇ ತೋರಿಸುತ್ತವೆ. ಅವು ಇಬ್ಬರು. ಒಬ್ಬನು ಎಡವಿದರೆ ಇನ್ನೊಬ್ಬನು ಜೊತೆಗಿರುತ್ತಾನೆ. ಕೆಲಸ ಆಟವಾಗುವುದು ಈ ಜೊತೆಯಿಂದಲೇ. ನಮ್ಮ ಎಷ್ಟೋ ಮನೆಗಳಲ್ಲಿ ಸೇವೆಯ ಹೊರೆ ಒಬ್ಬರ ಹೆಗಲ ಮೇಲೆಯೇ ಬಿದ್ದಿರುತ್ತದೆ. ಮಿಕ್ಕವರು ಅವರ ತಾಳ್ಮೆಯನ್ನು ಹೊಗಳುತ್ತಾ ದೂರ ನಿಂತಿರುತ್ತಾರೆ.

ಆದ್ದರಿಂದ ತಂದೆತಾಯಿಗಳೇ, ಅಜ್ಜಿಗೆ ನೀರು ಕೊಡಲು ಮಗು ಕುಣಿಯುತ್ತಾ ಓಡಿದರೆ, ಚೆಲ್ಲಿದ ನೀರಿಗಾಗಿ ಗದರಬೇಡಿ. ಇಂದಿನ ಆ ಆಟವೇ ನಾಳೆ ಅಭ್ಯಾಸವಾಗಿ, ಸಂತೋಷ ಬತ್ತಿದ ದಿನ ಅವನನ್ನು ನಡೆಸುತ್ತದೆ. ಇನ್ನು ನಿಮ್ಮ ಮನೆಯಲ್ಲಿ ನಗು ಮರೆತು ದುಡಿಯುತ್ತಿರುವವರು ಯಾರು? ಈ ಭಾನುವಾರ ಅವರಿಗೆ ಒಳ್ಳೆಯ ಮಾತು ಹೇಳಿ ಸುಮ್ಮನಾಗದೆ, ಒಂದೆರಡು ಗಂಟೆ ಅವರ ಕೆಲಸವನ್ನು ನಿಮ್ಮ ಕೈಗೆ ತೆಗೆದುಕೊಳ್ಳಿ.