ಪ್ಲಾಸ್ಟಿಕ್ ಹುಲ್ಲು ಮತ್ತು ಅನರ್ಥದಂಡ

ನಮ್ಮ ಅಪಾರ್ಟ್‌ಮೆಂಟಿನ ಸಂಘದವರು ಹುಲ್ಲುಹಾಸಿನ ಅರ್ಧಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಕಿಸಿ, ಉಳಿದರ್ಧ ನಿಜದ ಹುಲ್ಲನ್ನೇ ಇಟ್ಟುಕೊಳ್ಳೋಣ ಎನ್ನುತ್ತಿದ್ದಾರೆ. ಲೆಕ್ಕವೇನೋ ಸರಿ. ಬೆಂಗಳೂರಿನ ಬಿರುಬೇಸಿಗೆಯಲ್ಲಿ ಒಂದು ಚದರ ಮೀಟರ್ ಹುಲ್ಲು ಹಸಿರಾಗಿರಬೇಕಾದರೆ ದಿನಕ್ಕೆ ಹೆಚ್ಚುಕಡಿಮೆ 5 ಲೀಟರ್ ನೀರು ಬೇಕು. ನಮ್ಮದು 200 ಚದರ ಮೀಟರ್, ಅಂದರೆ 1,000 ಲೀಟರ್. ಅದರಲ್ಲಿ ಅರ್ಧ ಉಳಿಯುತ್ತದೆ. ಕುಡಿಯುವ ನೀರನ್ನು ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದು 2024ರ ಮಾರ್ಚಿನಲ್ಲಿ ಜಲಮಂಡಳಿ ಸಾರಿದ್ದನ್ನು ಕಂಡವರು ಇದನ್ನು ತಳ್ಳಿಹಾಕುವಂತಿಲ್ಲ.

ಆದರೆ ಕಾರ್ಕಳ ಕಡೆಯ ಜೈನ ಮನೆಯಲ್ಲಿ ಬೆಳೆದವಳು ನಾನು. ಇನ್ನೊಂದು ಲೆಕ್ಕವೂ ತಲೆಯಲ್ಲಿ ಓಡುತ್ತದೆ. ಅಜ್ಜಿ ಬಾವಿಯ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದದ್ದನ್ನು ಮತ್ತೆ ಅದೇ ಬಾವಿಗೆ ಮೆಲ್ಲಗೆ ಇಳಿಸುತ್ತಿದ್ದರು. ನೀರಿನೊಳಗೆ ಜೀವಗಳಿವೆ, ನೀರನ್ನೇ ಮೈಯಾಗಿ ಪಡೆದ ಜೀವಗಳೂ ಇವೆ ಎನ್ನುತ್ತದೆ ನಮ್ಮ ಶಾಸ್ತ್ರ. ಹುಲ್ಲೂ ಏಕೇಂದ್ರಿಯ ಜೀವ, ಸ್ಪರ್ಶವೊಂದೇ ಅದಕ್ಕೆ ಗೊತ್ತು. ಮುನಿಗಳು ಹಸಿ ಹುಲ್ಲು ತುಳಿಯುವುದಿಲ್ಲ. ಮಳೆಗಾಲದ ಚಾತುರ್ಮಾಸದಲ್ಲಿ ಒಂದೇ ಕಡೆ ನಿಲ್ಲುವುದಕ್ಕೆ ಅದೂ ಒಂದು ಕಾರಣ. ಹಾಗಾದರೆ ಪ್ಲಾಸ್ಟಿಕ್ ಹುಲ್ಲೇ ಲೇಸಲ್ಲವೇ? ಅದು ಬರೀ ಪುದ್ಗಲ, ಜೀವವಿಲ್ಲದ ಜಡವಸ್ತು. ತುಳಿದರೆ ನೋಯದು, ಬಾಯಾರದು. ಇನ್ನು ಮುನಿಗಳೂ ಓಡಾಡಬಹುದಲ್ಲ ಎಂದು ಸಭೆಯಲ್ಲಿ ಯಾರೋ ನಕ್ಕರು.

ಆದರೆ ಪ್ಲಾಸ್ಟಿಕ್ ಹುಲ್ಲು ಹಾಸುವ ಮೊದಲು ಏನು ಮಾಡುತ್ತಾರೆ, ನೋಡಿ. ಮೇಲ್ಮಣ್ಣು ಕೆರೆದು ತೆಗೆದು, ಜಲ್ಲಿ ಸುರಿದು, ಗಟ್ಟಿಯಾಗಿ ದಮ್ಮಸ್ಸು ಮಾಡುತ್ತಾರೆ. ಮಧ್ಯಾಹ್ನದ ಬಿಸಿಲಿಗೆ ಆ ಹಾಸು ಬರಿಗಾಲಿಡಲಾಗದಷ್ಟು ಕಾಯುತ್ತದೆ. ತಣಿಸಲು ಮತ್ತೆ ನೀರೇ ಬೇಕು. ಅದರ ಕೆಳಗೆ ಎರೆಹುಳಕ್ಕೆ ಬದುಕಿಲ್ಲ. ಎರೆಹುಳ ದ್ವೀಂದ್ರಿಯ, ಸ್ಪರ್ಶದ ಜೊತೆ ರುಚಿಯನ್ನೂ ಬಲ್ಲದ್ದು. ಒಂದು ಇಂದ್ರಿಯದ ಜೀವ ಉಳಿಸಲು ಎರಡು ಇಂದ್ರಿಯದ ಜೀವ ತೆಗೆಯುವ ಈ ವ್ಯಾಪಾರ ನಮ್ಮ ಲೆಕ್ಕದಲ್ಲಿ ನಷ್ಟದ್ದೇ.

ಜೈನ ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥರಿಗೆ ಅನರ್ಥದಂಡ ಬಿಡಿ ಎಂಬ ವ್ರತವಿದೆ. ಸುಮ್ಮಸುಮ್ಮನೆ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕಡಿಯುವುದು ಎಲ್ಲವೂ ಅದರೊಳಗೆ ಬರುತ್ತವೆ. ಸಂಸಾರಿಗೆ ಹಿಂಸೆ ಪೂರ್ತಿ ತಪ್ಪದೆಂದು ಆಚಾರ್ಯರಿಗೂ ಗೊತ್ತು. ಯಾತಕ್ಕಾಗಿ ಎಂಬುದಷ್ಟೇ ಅವರ ಪ್ರಶ್ನೆ. ಗದ್ದೆಗೆ ನೀರು ಬಿಡುವವನ ಬಳಿ ಉತ್ತರವಿದೆ. ಏಪ್ರಿಲ್ಲಿನಲ್ಲೂ ಬಾಲ್ಕನಿಯಿಂದ ಹಸಿರೇ ಕಾಣಬೇಕೆನ್ನುವ ನಮ್ಮ ಬಳಿ ಏನಿದೆ? ಹುಲ್ಲಂತೂ ಅದನ್ನು ಕೇಳಿಲ್ಲ. ನಮ್ಮಲ್ಲಿರುವುದು ಗರಿಕೆ ಜಾತಿಯದು. ಬೇಸಿಗೆಯಲ್ಲಿ ಕಂದಿ ಮಲಗಿದರೂ ಬೇರಿನಲ್ಲಿ ಜೀವ ಹಿಡಿದು, ಮಳೆ ಬಿದ್ದೊಡನೆ ಚಿಗುರುತ್ತದೆ.

ಗೇಟಿನ ಬಳಿ ಸಿಮೆಂಟು ಬಳಿದ ಜಾಗದಲ್ಲಿ ಬೇಕಾದರೆ ಪ್ಲಾಸ್ಟಿಕ್ ಹಾಸಲಿ, ನನ್ನ ತಕರಾರಿಲ್ಲ. ಅಲ್ಲಿ ಸಾಯಲು ಏನೂ ಉಳಿದಿಲ್ಲ. ಮಣ್ಣಿರುವ ಕಡೆ ಮಾತ್ರ ಬೇಡ. ಅಲ್ಲಿನ ಹುಲ್ಲಿಗೆ ಸಂಸ್ಕರಿಸಿದ ನೀರು ಮಿಕ್ಕಷ್ಟು, ಉಳಿದದ್ದು ಮಳೆ ಕೊಟ್ಟಷ್ಟು. ಬೇಸಿಗೆ ಮುಗಿಯುವವರೆಗೆ ಕಂದು ನೆಲ ನೋಡಲು ಒಪ್ಪುವವರು ಮುಂದಿನ ಸಭೆಗೆ ತಪ್ಪದೆ ಬಂದು ಕೈ ಎತ್ತಿ.